ಬುಧವಾರ, ಐದು ಮತ್ತು ಆರನೇ ಪಿರಿಯಡ್

ವೇಳಾಪಟ್ಟಿ ಬರೆಯುವವನು ನಾನೇ.
ಜೊಂಗುಲ್ದಾಕಿನ ಈ ಶಾಲೆಯಲ್ಲಿ ಹತ್ತೊಂಬತ್ತು ವರ್ಷ
ಗಣಿತದ ಮೇಷ್ಟ್ರು, ಈಗ ಉಪಮುಖ್ಯೋಪಾಧ್ಯಾಯ.
ಕಿಟಕಿಯಾಚೆ ಕಪ್ಪುಸಮುದ್ರ, ಈಚೆ ಕಲ್ಲಿದ್ದಲ ಧೂಳು,
ಮೇಜಿನ ಮೇಲೆ ಜಿಲ್ಲಾ ಕಚೇರಿಯ ಪತ್ರ:
ಎಂಟನೇ ತರಗತಿಯ ಅಂಕ ಏನೇನೂ ಸಾಲದು,
ವಾರಕ್ಕೆ ಇನ್ನೆರಡು ತಾಸು ಗಣಿತಕ್ಕೆ ಹೊಂದಿಸಿ.

ಹೊಂದಿಸುವುದೆಂದರೆ ಎಲ್ಲಿಂದಲೋ ಕಿತ್ತುಕೊಳ್ಳುವುದು.
ಕಿತ್ತರೂ ಕೂಗದ್ದನ್ನೇ ಹುಡುಕುತ್ತದೆ ಕೈ.
ಬುಧವಾರ, ಐದು ಮತ್ತು ಆರು: ಚಿತ್ರಕಲೆ.

ಹೋದೆ, ದಾಸ್ತಾನು ಬರೆದುಕೊಳ್ಳಲು.
ನೆಲಮಾಳಿಗೆ. ಬಾಯ್ಲರಿನ ಪಕ್ಕದ ಕೋಣೆ.
ಸ್ಟೂಲು ಇಪ್ಪತ್ತಾರು, ಒಂದಕ್ಕೆ ಮೂರೇ ಕಾಲು.
ಕುಂಚ ಹದಿನಾಲ್ಕು, ಕೂದಲಿರುವುದು ಒಂಬತ್ತಕ್ಕೆ.
ಬಣ್ಣದ ಡಬ್ಬಿ ನಾಲ್ಕು, ಹಳದಿಯದು ತಳ ಕಂಡಿದೆ.
ಈ ಊರಲ್ಲಿ ಹಳದಿಯೇ ಮೊದಲು ಮುಗಿಯುತ್ತದಂತೆ.
ಒಡೆದ ಸಿಂಕು ಒಂದು. ಸಿಂಕಿನಲ್ಲಿ
ಯಾರ ಲೆಕ್ಕಕ್ಕೂ ಸೇರದ ನೇರಳೆ ನೀರು.

ಯಾಕೆ ಬಂದಿರಿ ಅಂತ ಮುಅಲ್ಲಾ ಹಾನಿಮ್ ಕೇಳಲಿಲ್ಲ.
ಮೂರು ಕಾಲಿನದನ್ನೇ ಗೋಡೆಗೆ ಒರಗಿಸಿ ತೋರಿಸಿದರು.
"ಕೂತ್ಕೊಳ್ಳಿ. ನಿಮ್ಮ ಎಡಗೈ ಬರೀರಿ."
ಬಲಗೈಗೆ ಒಂದು ಇದ್ದಿಲ ತುಂಡು ಬಂತು.

ನಲವತ್ತೇಳು ವರ್ಷ ಜೊತೆಗಿದ್ದ ಕೈ.
ಅದರ ಹೆಬ್ಬೆರಳು ಇಷ್ಟು ಕೆಳಗಿಂದ ಹೊರಡುತ್ತದೆಂದು
ನನಗೆ ಗೊತ್ತೇ ಇರಲಿಲ್ಲ.
ಬರೆದೆ. ಬದನೆಕಾಯಿಯ ಗೊಂಚಲಾಯಿತು.
ರಬ್ಬರಿಗೆ ತಡಕಾಡಿದೆ.
ಪಕ್ಕದಲ್ಲಿ ಬಾತುಹಾನ್,
ನನ್ನ ಪರೀಕ್ಷೆಯಲ್ಲಿ ನೂರಕ್ಕೆ ಹದಿನೇಳು ತೆಗೆದವನು,
ಪಿಸುಗುಟ್ಟಿದ: "ಅಳಿಸ್ಬೇಡಿ ಮೇಷ್ಟ್ರೇ.
ತಪ್ಪು ಗೆರೆ ಇರ್ಲಿ, ಅದರ ಪಕ್ಕಕ್ಕೇ ಇನ್ನೊಂದು ಎಳೀರಿ.
ಸರಿಯಾದ್ದು ಎಲ್ಲಿದೆ ಅಂತ ಅದೇ ತೋರ್ಸತ್ತೆ."

ಈ ಹುಡುಗನ ಹಾಳೆಗಳ ಮೇಲೆ
ಎಷ್ಟು ಕೆಂಪು ಪೆನ್ನು ಸವೆಸಿದ್ದೇನೆ!
ಒಮ್ಮೆಯೂ ಹೀಗೊಂದು ಮಾತು ಆಡಿದ್ದಿಲ್ಲ.

ಅವನ ಚಿತ್ರ ನೋಡಿದೆ. ಬರೀ ಕಪ್ಪು.
"ಏನಿದು?"
"ಅಪ್ಪ. ಪಾಳಿ ಮುಗಿಸಿ ಬರ್ತಿರೋದು."
"ಎಲ್ಲಿದಾರೆ?" ಎಂದೆ. ನಕ್ಕ.
ಬೆರಳಿಟ್ಟು ತೋರಿಸಿದ ಒಂದೊಂದನ್ನೇ:
ಇದು ಸುರಂಗದ ಕಪ್ಪು, ಇದು ಒದ್ದೆ ಗೋಡೆಯದು,
ಇದು ಬೂಟಿನದು, ಇದು ಮೀಸೆ,
ಇದು ಉಗುರ ಸಂದಿಯದು, ಎಷ್ಟು ತಿಕ್ಕಿದರೂ ಹೋಗಲ್ಲ.
ಆಮೇಲೆ ಹಾಳೆಯನ್ನು ಬಲ್ಬಿಗೆ ಓರೆಯಾಗಿ ಹಿಡಿದು
ಇದು, ಅಪ್ಪ ಯಾರ ಹತ್ರಾನೂ ಮಾತಾಡದ ದಿನದ್ದು.

ಆರು. ಎಣಿಸಿದೆ, ಎಣಿಸುವುದು ನನ್ನ ಕಸುಬು.
ನಾನೂ ಗಣಿಯವನ ಮಗನೇ.
ನಮ್ಮ ಮನೆಯಲ್ಲಿ ಒಂದೇ ಒಂದು ಕಪ್ಪಿತ್ತು,
ಅಮ್ಮ ಅದನ್ನು ಭಾನುವಾರ ಕುದಿನೀರಿಗೆ ಹಾಕುತ್ತಿದ್ದಳು.

ಆದರೂ ಜೂನಿನಲ್ಲಿ ಪರೀಕ್ಷೆ ಇದ್ದೇ ಇದೆ.
ಹದಿನೇಳರಲ್ಲೇ ನಿಂತರೆ ಇವನನ್ನೂ
ಅದೇ ಲಿಫ್ಟು ಕೆಳಗಿಳಿಸುತ್ತದೆ, ನನಗೆ ಗೊತ್ತು.
ಗಣಿತ ಒಂದು ಹಗ್ಗ; ನಂಬಿದ್ದೆ, ಈಗಲೂ ನಂಬುತ್ತೇನೆ.
ಆ ಹಗ್ಗ ಹಿಡಿದು ಮೇಲೆ ಬಂದವನೇ ನಾನು,
ನೋಡಿ, ನನ್ನ ಎಡಗೈ ನನಗೇ ಪರಿಚಯವಿಲ್ಲ.

ಸಂಜೆ ಕಂಪ್ಯೂಟರಿನ ಮುಂದೆ ಕೂತೆ.
ಖಾಲಿ ಚೌಕವನ್ನು ಅದು ಒಪ್ಪುವುದಿಲ್ಲ.
ಬುಧವಾರದ ಎರಡೂ ಚೌಕಕ್ಕೆ ಗಣಿತ ಎಂದು ಒತ್ತಿದೆ.
ಕಲಿಸುವವರು: ನನ್ನ ಹೆಸರು.
ಕೋಣೆ: ನೆಲಮಾಳಿಗೆ.
ತನಿಖೆಯವರು ಬಂದರೆ ರೇಖಾಗಣಿತ ಎನ್ನುತ್ತೇನೆ.
ಪೂರ್ತಿ ಸುಳ್ಳಲ್ಲ. ಎಷ್ಟು ದಿನ ನಡೆದೀತೋ ತಿಳಿಯದು.
ದೊಡ್ಡ ಧೈರ್ಯವೂ ಅಲ್ಲ,
ಧೈರ್ಯವಿದ್ದವರು ಪತ್ರಕ್ಕೆ ಉತ್ತರ ಬರೆಯುತ್ತಿದ್ದರು.

ಬೆಳಿಗ್ಗೆ ಬಾತುಹಾನನ ಕೈಲಿ ಚೀಟಿ ಬಂದಿದೆ,
ಮುಅಲ್ಲಾ ಹಾನಿಮ್ ಬರೆದದ್ದು:
"ಹಳದಿ ಬೇಕು. ದೊಡ್ಡ ಡಬ್ಬಿ."
ಯಾವ ಲೆಕ್ಕಕ್ಕೆ ಸೇರಿಸಲಿ?
ಬಹಳ ಹೊತ್ತು ಯೋಚಿಸಿ
ಸೀಮೆಸುಣ್ಣ ಎಂದು ಬರೆದೆ.