ಹೆಬ್ಬೆರಳ ನಾಡಿ

ಬೆನ್ನಿ, ನೀನು ಕಳಿಸಿದ ಹನ್ನೊಂದೂ ಫೋಟೊ ನೋಡಿದೆ,
ನೈಟ್ ಡ್ಯೂಟಿ ಮುಗಿಸಿ, ಪ್ಲಾಟ್‌ಫಾರ್ಮಿನ ತೂಕದ ಯಂತ್ರಕ್ಕೆ ಒರಗಿ
ಒಂದೊಂದನ್ನೂ ಎರಡು ಬೆರಳಲ್ಲಿ ಹಿಗ್ಗಿಸಿ.
ವೇಲ್ಸಿನ ಕೋಟೆ ಚೆನ್ನಾಗಿದೆ.
ಹುಲ್ಲನ್ನು ಯಾರೋ ಈಗಷ್ಟೇ
ಎಣ್ಣೆ ಹಾಕಿ ಬಾಚಿ ಹೋದ ಹಾಗಿದೆ.
ಟಿಕೆಟ್ಟಿಗೆ ಹದಿಮೂರು ಪೌಂಡು ಅಂತ ಬರೆದಿದ್ದೀಯ.
ನಾನು ಗುಣಿಸಲಿಲ್ಲ.
ಗುಣಿಸಿದರೆ ಚಹಾ ಕೂಡ ಗಂಟಲಲ್ಲಿ ಇಳಿಯುವುದಿಲ್ಲ
ಅಂತ ನೀನೇ ಹೇಳಿದ್ದೆ.

ನಿನ್ನ ವಾರದ ರಜೆ ಮಂಗಳವಾರ, ನನ್ನದು ಗುರುವಾರ.
ನೀನು ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತುತ್ತೀಯ:
ಕೋಟೆ, ಪಾಳುಮಠ, ರಾಣಿಯೊಬ್ಬಳು ಸೆರೆಯಿದ್ದ ಗೋಪುರ;
ಕಿವಿಗೆ ಸಿಕ್ಕಿಸಿದ ಯಂತ್ರ
ಕಲ್ಲುಕಲ್ಲಿನ ಕುಲಗೋತ್ರ ಹೇಳುತ್ತದಂತೆ.
ಈಚೆಗೆ ನಾನೂ ಹೊರಟಿದ್ದೇನೆ.
ನಗಬೇಡ.

ನೆನಪಿದೆಯಾ, ಆಸ್ಪತ್ರೆ ಅಂಗಳದ ಆ ಕಪ್ಪು ಗೋಡೆ?
ನಾಲ್ಕು ವರ್ಷ ಅದಕ್ಕೇ ಬೆನ್ನು ಕೊಟ್ಟು ಡಬ್ಬಿ ಬಿಚ್ಚಿದೆವು,
ನಿನ್ನದು ಸಿಗಡಿ ಚಟ್ನಿ, ನನ್ನದು ತಿಂಗಳೆಲ್ಲ ತೊಂಡೆಕಾಯಿ.
ಅದು ಕೋಟೆಯಂತೆ, ಮಾರಾಯ್ತಿ!
ಊರನ್ನೇ ಸುತ್ತಿದ್ದ ಇಂಗ್ಲಿಷರ ಕೋಟೆಯಲ್ಲಿ
ಕೆಡವುವವರ ಕೈ ತಪ್ಪಿ ಉಳಿದ ತುಂಡು.
ನಾವು ಅದರ ಮೇಲೆ ಚಮಚ ಉಜ್ಜಿದ್ದೇವೆ.
ಉಳಿದದ್ದೆಲ್ಲ ಹೋಗಿ ನೂರೈವತ್ತು ವರ್ಷದ ಮೇಲಾಯಿತು,
ಕಂಡಕ್ಟರ್ ಇನ್ನೂ ಕೂಗುತ್ತಾನೆ: ಫೋರ್ಟ್, ಫೋರ್ಟ್!
ಚರ್ಚ್‌ಗೇಟಿನಲ್ಲಿ ಗೇಟಿಲ್ಲ.
ಆ ಇಲ್ಲದ ಬಾಗಿಲಲ್ಲೇ
ದಿನಾ ನೂಕುನುಗ್ಗಲು.

ಆ ಗೋಡೆಯ ಬುಡದಲ್ಲೇ ನೀನು ಹೇಳಿದ್ದು, ಪಾಸಾಯಿತು ಅಂತ.
ನಾನು ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ,
ಅದು ನನ್ನ ಮಡಿಲಲ್ಲೇ ಇತ್ತು.
ನನಗೆ ಬರವಣಿಗೆಯಲ್ಲಿ ಅರ್ಧ ಅಂಕ ಕಡಿಮೆ.
ಎರಡು ಸಲವೂ ಅರ್ಧವೇ.
ಮೂರನೆಯ ಸಲಕ್ಕೆ ಕೂಡಿಟ್ಟದ್ದು
ಅತ್ತೆಯ ಹಲ್ಲಿನ ಸೆಟ್ಟಾಯಿತು.
ಚೆನ್ನಾಗಿ ಕೂತಿದೆ, ಚಕ್ಕುಲಿ ತಿನ್ನುತ್ತಾರೆ.

ಮೊದಲ ಗುರುವಾರ ಶಿವಡಿ.
ಕೋಟೆಯ ಮೇಲಿಂದ ಕಂಡದ್ದು ಎಣ್ಣೆ ಟ್ಯಾಂಕು, ಕೆಸರು,
ಕೆಸರಿನಲ್ಲಿ ಗುಲಾಬಿ ಹಕ್ಕಿಗಳು,
ಹೊರರೋಗಿಗಳ ಸಾಲಿನ ಹಾಗೆ
ಕಾಲು ಬದಲಿಸುತ್ತಾ.
ಆಮೇಲೆ ವಸಯಿ. ಅಲ್ಲಿ ಟಿಕೆಟ್ಟೂ ಇಲ್ಲ, ಕಿವಿಗೆ ಯಂತ್ರವೂ ಇಲ್ಲ.
ಹುಡುಗರಿಗೆ ಕಮಾನೇ ವಿಕೆಟ್ಟು.
ಮದುವೆಗೆ ಮುಂಚಿನ ಫೋಟೊಕ್ಕೆ ಬಂದವಳ
ಕೆಂಪು ಗೌನಿನಡಿ ಹವಾಯಿ ಚಪ್ಪಲಿ.
ಗೋಡೆ ತುಂಬ ಮೊಳೆಯಲ್ಲಿ ಗೀಚಿದ ಹೆಸರು;
ಒಂದು ಜೋಡಿಯಲ್ಲಿ ಹುಡುಗಿಯದನ್ನು
ಯಾರೋ ಮತ್ತೆ ಬಂದು ಕೆರೆದು ಹಾಕಿದ್ದಾರೆ.
ಸೂರಿಲ್ಲದ ಇಗರ್ಜಿಯಲ್ಲಿ ನಿನ್ನ ಹೆಸರಲ್ಲಿ ಮೇಣದಬತ್ತಿ ಹಚ್ಚಿದೆ.
ಗಾಳಿ ಆರಿಸಿತು.
ಇನ್ನೊಂದು ಕಡ್ಡಿ ಗೀರಿದೆ.

ಈಗ ನಿನ್ನ ಒಂಬತ್ತನೆಯ ಫೋಟೊಕ್ಕೆ ಬರುತ್ತೇನೆ.
ಯಾವುದೋ ದೊರೆಯ ಮನೆ, ಹಗ್ಗದಾಚೆ ಕರಿಮರದ ಪೆಟ್ಟಿಗೆ,
ಮೈತುಂಬ ಬಳ್ಳಿ, ಬಳ್ಳಿಯಲ್ಲಿ ಗಿಳಿ.
ಚೀಟಿಯಲ್ಲಿ 'ಬಾಂಬೆ' ಅಂತ, ಒಂದು ಇಸವಿ, ಅಷ್ಟೆ.
ಬಡಗಿಯ ಹೆಸರಿಲ್ಲ.
ತಿಳಿಯದೆ ಕೈ ಹೋಯಿತು ಅಂತ ಬರೆದಿದ್ದೀಯ,
ಮುದುಕ ಕಾವಲುಗಾರ ಕೆಮ್ಮಿದ,
ಸಾರಿ ಅನ್ನಲು ಹೋಗಿ ಬಾಯಿಗೆ ಬಂದದ್ದು ಕೊಂಕಣಿ.
ಅವನು ನಕ್ಕನಂತೆ.
ಗಿಳಿಯ ಬೆನ್ನಾದರೂ ಸಿಕ್ಕಿತಾ ಬೆರಳಿಗೆ?
ಅದನ್ನು ಬರೆದೇ ಇಲ್ಲ ನೀನು.

ಪರುಳೇಕರ್ ಸಿಸ್ಟರ್ ಮೊದಲ ದಿನ ಬೈದದ್ದು ನನಗೆ:
ಹೆಬ್ಬೆರಳಲ್ಲಿ ನಾಡಿ ಹಿಡಿಯುತ್ತಾರೇನೇ?
ಹೆಬ್ಬೆರಳಿಗೆ ತನ್ನದೇ ಬಡಿತ,
ಹೆಣದ ಕೈ ಹಿಡಿದರೂ ಜೀವ ಇದೆ ಅನ್ನುತ್ತದೆ.

ವಸಯಿಯ ಗೋಡೆಗೆ, ಬೇಕೆಂದೇ,
ಹೆಬ್ಬೆರಳು ಒತ್ತಿ ನಿಂತೆ.
ಗಡಿಯಾರ ನೋಡಿ ಪೂರಾ ಒಂದು ನಿಮಿಷ.
ಎಂಬತ್ತೆಂಟು.
ಮೆಟ್ಟಿಲು ಹತ್ತಿದ್ದಕ್ಕಿರಬೇಕು.

ಮಂಗಳವಾರ ನೀನೂ ಎಣಿಸಿ ಬರೆ,
ಕಾವಲಿನವನು ಆಚೆ ತಿರುಗಿದಾಗ.
ಲೋಕಲ್ ಬಂತು. ಜಾಗ ಹಿಡಿಯಬೇಕು.