ಜೂನ್ ಒಂದು

ಬಲಗೈ ತಲೆಯ ಮೇಲಿಂದ ಹಾಯ್ದು
ಎಡಗಿವಿ ಮುಟ್ಟಿತು. ಅಷ್ಟೇ ಪರೀಕ್ಷೆ.
ವೀರಭದ್ರಯ್ಯ ಮಾಸ್ತರು ಬರೆದರು: ಜೂನ್ ಒಂದು.
ಹುಸೇನಬಾಷಾನಿಗೂ ಅದೇ, ಗದ್ದೆಪ್ಪನಿಗೂ ಅದೇ,
ಗದ್ದೆಪ್ಪನ ತಂಗಿ ದುರುಗಮ್ಮನಿಗೂ.
ಶಾಯಿ ಆರುವುದರೊಳಗೆ
ಅಣ್ಣತಂಗಿ ಅವಳಿಜವಳಿ.

ಅವ್ವನ ಪಂಚಾಂಗವೇ ಬೇರೆ:
"ಕಾಲುವಿಗೆ ಮೊದಲ ನೀರು ಬಂತಲ್ಲ, ಅವತ್ತ ನೀ.
ಊರಿಗೆ ಊರೇ ನೀರು ನೋಡಾಕ ಓಡಿತ್ತು,
ಸೂಲಗಿತ್ತಿ ಮಾಬಮ್ಮನೂ.
ನಿನ್ನ ಒಬ್ಬಾಕಿನೇ ಹಡದೆ.
ಹಿತ್ತಲಾಗ ಎಮ್ಮೀನೂ ಅವತ್ತೇ ಈದು,
ಗಿಣ್ಣ ತಿನ್ನಾಕ ಒಂದು ನರಪಿಳ್ಳಿ ಇರಲಿಲ್ಲ."
ತಿಂಗಳು ಯಾವುದೆಂದರೆ
"ನೀರಿನ ತಿಂಗಳು" ಅನ್ನುತ್ತಿದ್ದಳು.

ಮೇ ಮೂವತ್ತೊಂದು. ಸಿಂಧನೂರಿನ ನೌಕರರ ಭವನ.
ಒಂದೇ ಸಾಲಿನಲ್ಲಿ ಕೂತ ಹತ್ತೊಂಬತ್ತು ಮಂದಿ
ಒಮ್ಮೆಗೇ ನಿವೃತ್ತರಾದೆವು.
ಹಾರ ಸಾಲದೆ ಗದ್ದೆಪ್ಪನ ಕೊರಳಿನದೇ
ದುರುಗಮ್ಮನ ಕೊರಳಿಗೆ ಬಂತು.
"ಹುಟ್ಟಿದ್ದೂ ಹಿಂಗ ಅಲ್ಲೇನಪಾ ನಾವು,"
ಅಂದಳು, ಸೆರಗಿನ ಹೂ ಕೊಡವಿ.

ಸಂಜೆ ಎಡದಂಡೆಗೆ ಹೋದೆ.
ಬತ್ತಿದ ಕಾಲುವೆಯ ತಳದಲ್ಲಿ ಹುಡುಗರ ಕ್ರಿಕೆಟ್.
ನೀರು ಯಾವಾಗ ಬಿಡ್ತಾರ, ನೀರಗಂಟಿಯನ್ನು ಕೇಳಿದೆ.
"ನಿಮ್ಮ ಹೊಲ ಎಲ್ಲಿ ಬರತದ್ರಿ?"
ಹೊಲ ಇಲ್ಲ, ಅಂದೆ.