ಮೈನಸ್ ಹದಿನೆಂಟರಲ್ಲಿ ಒಂದು ಗಂಟು

ಆ ಶಿಖರಕ್ಕೆ ಹೆಸರಿಲ್ಲ.
ಕಿರ್ಗಿಜ್ ನಾಡಿನ ನಕ್ಷೆಯಲ್ಲಿ ಬರೀ ಒಂದು ಅಂಕಿ, ೪೭೪೨,
ಸುತ್ತ ಬೆರಳಚ್ಚಿನಂತೆ ಒತ್ತೊತ್ತಾಗಿ ಎತ್ತರದ ಗೆರೆಗಳು.
ಕೊನೆಯ ಹಳ್ಳಿಯಿಂದ ಎರಡು ದಿನ ಕುದುರೆ, ಆಮೇಲೆ ಕಾಲು,
ಆಮೇಲೆ ಕೈ.

ನಾವಿರುವುದು ರಾಸ್ ಅಲ್ ಖೈಮಾದಲ್ಲಿ,
ಸಿಮೆಂಟ್ ಕಾರ್ಖಾನೆಯ ಹಿಂದಿನ ಓಣಿ, ಮೂರನೇ ಮಹಡಿ.
ಜೂನ್. ರಾತ್ರಿ ಹತ್ತಕ್ಕೂ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು.
ಹಗಲೆಲ್ಲ ನನ್ನ ಕೆಲಸ ಬೆಟ್ಟವನ್ನು ಪರೀಕ್ಷಿಸುವುದು:
ಸಿಡಿಸಿ, ಅರೆದು, ಜರಡಿ ಹಿಡಿದು ತಂದ ಬೆಟ್ಟವನ್ನು
ಚಮಚದಲ್ಲಿ ತೂಗಿ, ಸುಣ್ಣ ಎಷ್ಟು, ಮಣ್ಣು ಎಷ್ಟು ಎಂದು ಬರೆಯುವುದು.
ರಾತ್ರಿ ಅದೇ ಕೈಯಲ್ಲಿ
ಇಡಿಯಾಗಿ ನಿಂತಿರುವ ಒಂದರ ಲೆಕ್ಕ.

ಫ್ಲೇವಿಯಾ ಪಿಂಟೋ ಅಡುಗೆಮನೆಯ ತಕ್ಕಡಿ ಮುಂದೆ ಕೂತಿದ್ದಾಳೆ.
ತುರ್ತು ವಿಭಾಗದ ನರ್ಸ್; ಅವಳಿಗೆ ಎಲ್ಲವೂ ಗ್ರಾಮಿನಲ್ಲಿ.
ಕ್ಯಾರಬೈನರ್ ಹನ್ನೆರಡು. ಒಲೆ ಒಂದು.
ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನೂ ಅರ್ಧಕ್ಕೆ ಕತ್ತರಿಸಿದ್ದಾಳೆ.
ನನ್ನ ಶೇಂಗಾ ಚಟ್ನಿಪುಡಿ ತಕ್ಕಡಿಗೇರಿದಾಗ
ನಾನೂರು ಗ್ರಾಮ್. ಅವಳ ಹುಬ್ಬೂ ಏರಿತು.
"ಇದರ ಬದಲು ಒಂದು ಗ್ಯಾಸ್ ಡಬ್ಬಿ ಕೊಂಡುಹೋಗಬಹುದು ಮಾರಾಯ್ತಿ."
"ಗ್ಯಾಸ್ ರೊಟ್ಟಿಗೆ ಹಚ್ಚಿಕೊಂಡು ತಿನ್ನಾಕ ಬರತೈತೇನು?"
ಇನ್ನೂರಕ್ಕೆ ರಾಜಿ.

ಅರವತ್ತು ಮೀಟರಿನ ಹಗ್ಗ, ಹದಿನಾಲ್ಕು ಮೀಟರಿನ ಕಾರಿಡಾರು.
ನಾಲ್ಕು ಮಡಿಕೆ ಹಾಸಿ ಇಂಚಿಂಚೂ ಹಿಂಡಿ ನೋಡುತ್ತೇವೆ,
ಒಳಗೆಲ್ಲಾದರೂ ಮೆತ್ತಗಾಗಿದೆಯೇ ಎಂದು.
ಕಾವಲುಗಾರ ಧನಬಹಾದೂರ್ ತಾಮಾಂಗ್ ಲಿಫ್ಟಿಗೆ ಒರಗಿ ನಗುತ್ತಾನೆ:
"ಬೆಟ್ಟ ಇಳಿಯಲಿಕ್ಕೆ ನಾನು ಏಜೆಂಟನಿಗೆ ದುಡ್ಡು ಕೊಟ್ಟೆ.
ಹತ್ತಲಿಕ್ಕೆ ನೀವು ಕೊಡುತ್ತೀರಿ.
ಇಬ್ಬರಿಗೂ ಅವನೇ ಏಜೆಂಟ್ ಇರಬೇಕು."
ನಗುತ್ತಲೇ ಬಗ್ಗಿ ಹಗ್ಗದ ಇನ್ನೊಂದು ತುದಿ ಹಿಡಿದ.
ಹಿಡಿದ ರೀತಿ ನೋಡಿದೆ. ಅದು ಪಳಗಿದ ಕೈ.
ಕೇಳಲಿಲ್ಲ.

ರಜೆಯ ಅರ್ಜಿಯಲ್ಲಿ 'ಕಾರಣ' ಎಂಬ ಚೌಕಕ್ಕೆ
ಒಂದೂವರೆ ಇಂಚು ಜಾಗ. ಬೆಟ್ಟ ಎಂದು ಬರೆದೆ.
ಆಫೀಸಿನ ಹುಡುಗ ವಾಪಸ್ ಕಳಿಸಿದ:
ಬೆಟ್ಟ ನಮ್ಮ ಕಚ್ಚಾಮಾಲು ಮೇಡಂ, ಕಾರಣ ಅಲ್ಲ.
ತಂಗಿಯ ಮದುವೆ ಎಂದು ತಿದ್ದಿದೆ. ಇಪ್ಪತ್ತು ದಿನ ಮಂಜೂರು.
ತಂಗಿಯ ಮದುವೆಯಾಗಿ ಒಂಬತ್ತು ವರ್ಷ;
ಅವತ್ತು ಬಾದಾಮಿಯಲ್ಲಿ ಅಕ್ಷತೆ ಹಾಕಿದವಳೇ
ಊಟಕ್ಕೂ ನಿಲ್ಲದೆ ಕೆಂಪು ಬಂಡೆಗೆ ಓಡಿದ್ದೆ,
ಮದರಂಗಿಯ ಅಂಗೈಗೆ ಮರಳುಗಲ್ಲು ಹೇಗೆ ಹತ್ತುತ್ತದೆ ನೋಡಲು.
ಹಾಗಾಗಿ ಪೂರ್ತಿ ಸುಳ್ಳಲ್ಲ.

ಫ್ಲೇವಿಯಾ ಕೆಂಪು ಪೆನ್ನಿನಲ್ಲಿ ಬರೆದಳು:
ಎಲ್ಲೇ ಇರಲಿ, ಮಧ್ಯಾಹ್ನ ಒಂದಕ್ಕೆ ವಾಪಸು.
"ತುದಿಗೆ ಹತ್ತೇ ಮೀಟರ್ ಉಳಿದಿದ್ದರೆ?"
"ಆಗಲೂ ಗಂಟೆ ಒಂದೇ ಅಲ್ಲವಾ?"
ಮತ್ತೆ ಕೆಣಕಲಿಲ್ಲ. ಹೋದ ಚಳಿಗಾಲ
ವಾದಿಯಿಂದ ತಂದ ಹುಡುಗನ ಬೂಟಿನ ಲೇಸು
ಬಿಚ್ಚಿದ್ದು ಅವಳೇ.

ಈ ಊರಲ್ಲಿ ಚಳಿ ಎಲ್ಲಿ ಕಲಿಯುವುದು?
ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ. ಹೊರಗೆ ನಲವತ್ತಾರು,
ಒಳಗೆ ಮೈನಸ್ ಹದಿನೆಂಟು.
ಬಾಗಿಲಲ್ಲಿ ಉಳ್ಳಾಲದ ಮೊಯ್ದಿನಬ್ಬ, ಕೈಯಲ್ಲಿ ಗಡಿಯಾರ:
"ಹನ್ನೆರಡು ನಿಮಿಷ. ಆಮೇಲೆ ನಾನೇ ಎಳೆದು ಹಾಕುವುದು."
ಪೆಟ್ಟಿಗೆಗಳ ಮೇಲೆ ಅರಬ್ಬಿಯಲ್ಲಿ 'ಕನಅದ್'.
ಅಂಜಲ್ ಮೀನಿಗೆ ಇಲ್ಲಿನ ಹೆಸರು.
ಮೊದಲ ಸಲ ಅವನು ಓದಿ ಹೇಳಿದಾಗ, ನನ್ನ ಭಾಷೆಯನ್ನೇ ಯಾರೋ
ಹೆಪ್ಪುಗಟ್ಟಿಸಿ ಪೇರಿಸಿದ್ದಾರೆ ಅಂದುಕೊಂಡಿದ್ದೆ.

ಕೈಗವಸು ತೊಟ್ಟು ಎಂಟರ ಗಂಟು.
ನಮ್ಮ ಎಂಟಲ್ಲ; ನಮ್ಮ ೮ರ ಬಾಯಿ ತೆರೆದೇ ಇರುತ್ತದೆ,
ಅದನ್ನು ನಂಬಿ ಜೋತುಬೀಳಲಾಗದು.
ಮೊದಲ ಸಲ ನಲವತ್ತು ಸೆಕೆಂಡು. ಎರಡನೆಯದು ಐವತ್ತೈದು.
ಮೂರನೆಯದಕ್ಕೆ ಬೆರಳು ನನ್ನವಲ್ಲ,
ಬೆತ್ತದಂತೆ ಸೆಟೆದ ಹಗ್ಗವನ್ನು ಹಲ್ಲಿನಿಂದ ಎಳೆದೆ.
ಅವಳ ಗಂಟನ್ನು ನಾನು ಮುಟ್ಟಿ ನೋಡಿದೆ, ನನ್ನದನ್ನು ಅವಳು.
ಸುತ್ತ ರೆಪ್ಪೆಯಿಲ್ಲದ ಕಣ್ಣುಗಳು.

ಹೊರಬಿದ್ದೊಡನೆ ಕನ್ನಡಕ ಪೂರ್ತಿ ಮಂಜು.
ಪಾರ್ಕಿಂಗ್ ದಾಟುವಾಗ ಬೆನ್ನಹಿಂದೆ ಏನೋ ಮೆಲ್ಲಗೆ, ಬಿಡದೆ.
ಒರೆಸಿಕೊಂಡು ನೋಡಿದರೆ
ಹೆಗಲಿಂದ ಜೋತ ಹಗ್ಗದ ತುದಿಗೆ ಮೂಗು ಹಚ್ಚಿ
ಬೆಕ್ಕುಗಳು, ಒಂದರ ಹಿಂದೊಂದು, ಏಳು.
ಧನಬಹಾದೂರ್ ಗೇಟು ತೆರೆದು ಹಿಡಿದು ಎಣಿಸಿದ:
"ಒಟ್ಟು ಒಂಬತ್ತು ಜನ."